ಭಾರದ ಲ್ಯಾಪ್‌ಟಾಪ್

ನನ್ನ ಗಂಡನ ಎರಡೂ ಕಿಡ್ನಿ ಸೋತಿವೆ ಎಂದು ಗೊತ್ತಾದ ವರ್ಷವೇ ನಾವು ಲ್ಯಾಪ್‌ಟಾಪ್ ಕೊಂಡದ್ದು.

ದಾಂಡೇಲಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ವಿಡಿಯೋ ಸ್ಟುಡಿಯೋ ಇತ್ತು. ಮದುವೆ, ಸೀಮಂತಗಳಿಗೆ ಹೋಗಿ ಅವರು ಶೂಟಿಂಗ್ ಮಾಡಿಕೊಂಡು ಬರುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಸಿ.ಡಿ. ಮಾಡುತ್ತಿದ್ದೆ. ಈ ಕೆಲಸ ನನಗೆ ಕಲಿಸಿದವರೂ ಅವರೇ.

ಕಾಯಿಲೆ ಬಂದ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಹೋಗಬೇಕಾಯಿತು. ಬೆಳಗಿನ ಬಸ್ಸಿಗೆ ಹಳಿಯಾಳ, ಧಾರವಾಡ ದಾಟಿ ಹೋದರೆ ಮರಳಿ ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಆ ದಿನಗಳಲ್ಲಿ ಸ್ಟುಡಿಯೋಕ್ಕೆ ಕೀಲಿ. ಉಳಿದ ದಿನ ಅವರು ಚಲೋ ಇದ್ದರೆ ಕರೆಂಟ್ ಇರುತ್ತಿರಲಿಲ್ಲ, ಕರೆಂಟ್ ಇದ್ದರೆ ಅವರಿಗೆ ವಾಂತಿ. ಮದುವೆಯಾಗಿ ಬಸಿರಾದವರು ಕೂಡ ಇನ್ನೂ ತಮ್ಮ ಮದುವೆಯ ಸಿ.ಡಿ. ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಗಂಡನ ರಕ್ತ ಯಂತ್ರದೊಳಗೆ ಸುತ್ತುತ್ತಿದ್ದಷ್ಟು ಹೊತ್ತು ನಾನು ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಲ್ಯಾಪ್‌ಟಾಪ್ ಒಂದಿದ್ದರೆ ನೀನು ಅಲ್ಲೇ ಎಡಿಟಿಂಗ್ ಮಾಡಬಹುದು ಎಂದು ಅವರೇ ಮಾತು ತೆಗೆದರು.

ಒಂದು ದಿನ ಡಯಾಲಿಸಿಸ್ ಇಲ್ಲದಾಗ ಅದಕ್ಕಾಗಿಯೇ ಹುಬ್ಬಳ್ಳಿಗೆ ಹೋದೆವು. ಅವರು ಕ್ಯಾಮೆರಾ, ಅದರ ವೈರು, ಒಂದು ಹಳೆಯ ಟೇಪು ತಂದಿದ್ದರು. ಹಳಿಯಾಳದ ಕಡೆಯ ಕಾಡಿನಲ್ಲಿ, ಆಫ್ರಿಕಾ ಮೂಲದ ಸಿದ್ದಿ ಜನರ ಒಂದು ಕೇರಿಯಲ್ಲಿ ಶೂಟಿಂಗ್ ಮಾಡಿದ ಮದುವೆಯ ಟೇಪು ಅದು. ಆ ಮದುವೆಯ ಸಿ.ಡಿ. ಕೊಟ್ಟಾಗ ಹುಡುಗಿಯ ತಾಯಿ ನಮ್ಮ ಸ್ಟುಡಿಯೋದಲ್ಲೇ ಕೂತು ನೋಡಿದ್ದಳು. ನೋಡಿ ಮುಗಿಸಿ, "ಸೀರಿ ಐತಿ, ಹೂವ ಐತಿ. ನನ್ನ ಮಗಳು ಎಲ್ಲಿ ಅದಾಳ್ರೀ?" ಎಂದು ಕೇಳಿದ್ದಳು. ನಿಜವೇ, ಮದುಮಗಳ ಮುಖ ಇರಬೇಕಾದಲ್ಲಿ ಬರೀ ಕಪ್ಪು ಕಲೆ ಇತ್ತು. ಟೇಪಿನಲ್ಲಿ ಮುಖ ಸರಿಯಾಗಿಯೇ ಬಂದಿತ್ತು. ನಮ್ಮ ಹಳೆಯ ಮಾನಿಟರಿನಲ್ಲಿ ಕಪ್ಪಿನ ಛಾಯೆಗಳು ಕಾಣದ್ದಕ್ಕೆ, ಎಡಿಟಿಂಗಿನಲ್ಲಿ ಬೆಳಕು ಹೊಂದಿಸುವಾಗ ಕೆಟ್ಟಿತ್ತು. ಬೇರೆಯವರ ಮಾನಿಟರ್ ತಂದು ಎಲ್ಲ ಮತ್ತೆ ಮಾಡಿಕೊಟ್ಟೆವು. ಅಂದಿನಿಂದ ಯಾವ ಪರದೆ ನೋಡಿದರೂ ಅವರು ಮೊದಲು ಆ ಟೇಪು ಹಾಕಿ ನೋಡುತ್ತಿದ್ದರು.

ಅಂಗಡಿಯಲ್ಲಿ ನನಗೆ ಹಿಡಿಸಿದ್ದು ಒಂದು ತೆಳ್ಳನೆಯ ಲ್ಯಾಪ್‌ಟಾಪ್. ಒಂದೇ ಕೈಯಲ್ಲಿ ಎತ್ತಬಹುದಿತ್ತು, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ ಎಂದರು. ಅವರು ಕ್ಯಾಮೆರಾದಲ್ಲಿ ಟೇಪು ಹಾಕಿ ವೈರನ್ನು ಅದಕ್ಕೆ ಜೋಡಿಸಿದರು. ಪರದೆಯನ್ನು ಹಿಂದಕ್ಕೆ ಬಾಗಿಸಿದರೆ ಮುಖ ಬೂದಿಬಣ್ಣ, ಮುಂದಕ್ಕೆ ತಂದರೆ ಮತ್ತೆ ಕಪ್ಪು. ಇನ್ನೊಂದು, ದೊಡ್ಡದು, ಅರೆಯುವ ಕಲ್ಲಿನಂಥದ್ದು. ಅದರಲ್ಲಿ ಹುಡುಗಿಯ ಮೇಲ್ದುಟಿಯ ಬೆವರು ಕೂಡ ಕಂಡಿತು. ಅವರು ಒಂದು ಹಾಡಿನಷ್ಟು ದೃಶ್ಯ ಜೋಡಿಸಿ ಎಷ್ಟು ಬೇಗ ಮುಗಿಯುತ್ತದೆ ನೋಡಿದರು, ಅಡಿಯಲ್ಲಿ ಅಂಗೈ ಇಟ್ಟು ಬಿಸಿ ನೋಡಿದರು, ಮೆಮೊರಿ ಮುಂದೆ ಹೆಚ್ಚಿಸಬಹುದೇ ಎಂದು ಕೇಳಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತ್ತು.

ನಾನು ಅದನ್ನು ಚಾರ್ಜರ್ ಸಮೇತ ಚೀಲದಲ್ಲಿಟ್ಟು ಹೆಗಲಿಗೆ ಹಾಕಿ ನೋಡಿದೆ. ಹೆಗಲು ಜಗ್ಗಿತು. ಡಯಾಲಿಸಿಸ್‌ಗಾಗಿ ಅವರ ಎಡಗೈಯ ರಕ್ತನಾಳ ಕೂಡಿಸಿ ಹೊಲಿದಿದ್ದರು, ಆ ಕೈಯಲ್ಲಿ ಏನನ್ನೂ ಎತ್ತುವಂತಿರಲಿಲ್ಲ. ಹೊರುವವಳು ನಾನೇ. ಬಸ್ಸು ಹತ್ತುವಾಗ ನಿಮ್ಮನ್ನು ಹಿಡಿಯಲೋ ಇದನ್ನು ಹಿಡಿಯಲೋ, ಹಗುರಾದದ್ದೇ ಇರಲಿ ಎಂದೆ.

ಅವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ನನ್ನ ಹಿಡಕೊಂಡು ಎಷ್ಟು ದಿನಾ ಅಡ್ಯಾಡತಿ? ಕೆಲಸ ಮಾತ್ರ ಮುಂದ ಭಾಳ ವರ್ಷ ಮಾಡಬೇಕು ನೀ. ಇದನ್ನ ತಗೊ."

ಅಂಗಡಿಯವನು ಕಪಾಟಿನ ಕಡೆ ತಿರುಗಿ ಪೆಟ್ಟಿಗೆಗಳನ್ನು ಸರಿಸತೊಡಗಿದ. ಭಾರದ್ದನ್ನೇ ಕೊಂಡೆವು. ಮರಳುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

ಆಸ್ಪತ್ರೆಯ ನರ್ಸ್ ಒಳ್ಳೆಯವಳು. ನನ್ನನ್ನು ಒಳಗೆ ಬಿಟ್ಟು, ಮಂಚದ ಪಕ್ಕ ಪ್ಲಗ್ ಹಾಕಿಕೊಳ್ಳಲೂ ಒಪ್ಪಿದಳು. ಅವರು ಮಲಗಿದಲ್ಲಿಂದಲೇ ಓರೆಗಣ್ಣಿನಲ್ಲಿ ಪರದೆ ನೋಡುತ್ತ, ಅಜ್ಜಿ ನಗುತ್ತಿದ್ದಾಳೆ, ನಕ್ಕು ಮುಗಿಸಲಿ, ಆಮೇಲೆ ಕತ್ತರಿಸು ಎನ್ನುತ್ತಿದ್ದರು. ಬರಬರುತ್ತ ಆಚೆ ಮಂಚದವರೂ ಸ್ವಲ್ಪ ಈ ಕಡೆ ತಿರುಗಿಸಿ ಅಂದರು. ಗುರುತಿಲ್ಲದವರ ಮದುವೆಗಳನ್ನು ಅವರೆಲ್ಲ ಕಣ್ಣು ಕೀಳದೆ ನೋಡುತ್ತಿದ್ದರು. ಅಲ್ಲಿದ್ದವರಿಗೆಲ್ಲ ನೀರು ಕೂಡ ಅಳೆದು ಕುಡಿಯುವ ಪಥ್ಯ. ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುವ ದೃಶ್ಯ ಬಂದಾಗ ಕಲಘಟಗಿಯ ಒಬ್ಬ ಯಜಮಾನರು ಇನ್ನೊಮ್ಮೆ ತೋರಿಸವ್ವಾ ಎಂದು ಕೇಳಿದರು. ತೋರಿಸಿದೆ. ಕೆಲವು ವಾರಗಳ ನಂತರ ಆ ಮಂಚದಲ್ಲಿ ಬೇರೆಯವರಿದ್ದರು.

ನನ್ನ ಗಂಡ ಶೂಟಿಂಗ್ ಮಾಡಿದ ಕೊನೆಯ ಮದುವೆ ಕ್ಯಾಸಲ್‌ರಾಕ್‌ನ ಒಂದು ರೈಲ್ವೆ ಕುಟುಂಬದ್ದು. ಬೇಡ ಎಂದರೂ ಕೇಳದೆ ಹೋಗಿ, ಕುರ್ಚಿಯ ಮೇಲೆ ಕೂತೇ ಶೂಟಿಂಗ್ ಮಾಡಿದರು. ಮಳೆ ಹಿಡಿಯುವ ಮೊದಲೇ ತೀರಿಕೊಂಡರು.

ಮದುವೆಯವರು ಬಹಳ ದಿನ ಕಾದು, ಸಂಕೋಚದಿಂದಲೇ ಹೇಳಿಕಳಿಸಿದರು. ನಾನು ಟೇಪನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಮದುವೆಯ ಗದ್ದಲಕ್ಕಿಂತ ಹತ್ತಿರದಲ್ಲಿ, ಮೈಕಿನ ಪಕ್ಕದಲ್ಲೇ, ಉದ್ದಕ್ಕೂ ಅವರ ಉಸಿರು ಕೇಳುತ್ತಿತ್ತು. ಏದುಸಿರು. ನಡುನಡುವೆ, "ಸ್ವಲ್ಪ ಈ ಕಡೆ ನೋಡ್ರಿ" ಎನ್ನುವ ದನಿ. ಶೂಟಿಂಗ್ ಮಾಡುವವರ ದನಿ ಸಿ.ಡಿ.ಯಲ್ಲಿ ಇರಬಾರದು. ವರ್ಷಗಟ್ಟಲೆ ನಾನು ಅದನ್ನು ತೆಗೆಯುತ್ತಲೇ ಬಂದಿದ್ದೆ, ಕಿವಿಗೊಟ್ಟು ಕೇಳಿರಲಿಲ್ಲ. ಈ ಸಲವೂ ತೆಗೆದೆ. ಅಲ್ಲಿ ಸಿನಿಮಾ ಹಾಡು ಕೂಡಿಸಿದೆ. ಚೆನ್ನಾಗಿ ಬಂದಿದೆ ಎಂದು ಮದುವೆಯವರು ಹೇಳಿಕಳಿಸಿದರು.

ಆಮೇಲೆ ಜೋಯಿಡಾ, ಮುಂಡಗೋಡದ ಸ್ಟುಡಿಯೋದವರು ತಮ್ಮ ಟೇಪುಗಳನ್ನು ನನಗೇ ತಂದುಕೊಡತೊಡಗಿದರು. ಶೂಟಿಂಗ್ ಮಾಡುವವರು ಎಲ್ಲ ಕಡೆ ಇದ್ದರು, ಎಡಿಟಿಂಗ್ ಬಲ್ಲವರು ಕಡಿಮೆ. ಮೆಮೊರಿ ಹೆಚ್ಚಿಸಿಕೊಂಡು ಅದೇ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ದುಡಿದೆ, ಹೊಟ್ಟೆಗೇನೂ ಕಡಿಮೆಯಾಗಲಿಲ್ಲ. ಮನೆಯಲ್ಲಿ ಎರಡನೆಯ ದನಿ ಇರಲಿಲ್ಲ, ಅಷ್ಟೇ.

ಲ್ಯಾಪ್‌ಟಾಪಿನ ಡಿಸ್ಕಿನಲ್ಲಿದ್ದ ಕ್ಯಾಸಲ್‌ರಾಕ್ ಮದುವೆಯನ್ನು ಮುಂದಿನ ಕೆಲಸಕ್ಕೆ ಜಾಗ ಬೇಕೆಂದು ಅಳಿಸಿದ್ದೆ. ಟೇಪು ಹೇಗೂ ಇದೆಯಲ್ಲ ಎಂದುಕೊಂಡಿದ್ದೆ. ನಮ್ಮ ಕಡೆಯ ಮಳೆಗಾಲದ ತಂಪು ಟೇಪುಗಳನ್ನು ಉಳಿಸುವುದಿಲ್ಲ, ಅದಕ್ಕೂ ಬೂಸು ಹಿಡಿಯಿತು. ಒಂದು ದಿನ ಅವರ ದನಿ ಕೇಳೋಣವೆಂದು ಒರೆಸಿ ಕ್ಯಾಮೆರಾದಲ್ಲಿ ಹಾಕಿದಾಗ ಚಿತ್ರ ಚೌಕಚೌಕವಾಗಿ ಒಡೆದು ನಿಂತಿತು. ದನಿ ಎರಡು ಅಕ್ಷರ ಬಂದು ನಿಂತುಹೋಗುತ್ತಿತ್ತು. ಎರಡು ಮೂರು ಸಲ ಹಾಕಿ ನೋಡಿ, ಬೂಸು ಹತ್ತಿ ಕ್ಯಾಮೆರಾದೊಳಗಿನ ಟೇಪು ಓದುವ ಹೆಡ್ ಕೂಡ ಕೆಟ್ಟೀತು ಎಂದು ಬಿಟ್ಟುಬಿಟ್ಟೆ.