ಹೆಬ್ಬೆಟ್ಟಿನ ಹಾಜರಿ

ಯಂತ್ರ ಒಡೆದದ್ದು ನಾನೇ. ಸಾಗರದಲ್ಲಿ ಈಗಲೂ ಕೆಲವರು ಅದನ್ನು ನೆನೆದು ನಗುತ್ತಾರೆ, ನಗಲಿ. ನನಗೆ ಸಿಟ್ಟು ಬಂದರೆ ಕೈ ಮೊದಲು ಓಡುತ್ತದೆ, ಬುದ್ಧಿ ಆಮೇಲೆ ಏದುಸಿರು ಬಿಡುತ್ತಾ ಬರುತ್ತದೆ. ಅವತ್ತು ಅದು ಬರುವ ಹೊತ್ತಿಗೆ ಒಬ್ಬ ಒಳ್ಳೆಯ ಮನುಷ್ಯನ ಹಲ್ಲು ನೆಲದ ಮೇಲೆ ಬಿದ್ದಿತ್ತು.

ನಾನು ಹೊಸನಗರದ ಕಡೆಯವಳು. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುತ್ತೇನೆ. ಪಿಯುಸಿ ಮುಗಿದ ವರ್ಷವೇ ಮದುವೆಯಾಯಿತು, ಮೂವತ್ತೆಂಟಕ್ಕೆ ಮತ್ತೆ ಪುಸ್ತಕ ಹಿಡಿದೆ. ದೊಡ್ಡವರಿಗೆಂದೇ ಸರ್ಕಾರ ಫೀಸು ಕಟ್ಟಿ ಓದಿಸುವ ಬಿ.ಎ. ಅದು. ಒಂದೇ ಉಸಿರಿಗೆ ಮುಗಿಸಬೇಕಿಲ್ಲ. ಒಂದೊಂದು ಭಾಗ ಓದಿ ಪಾಸಾದರೆ ಆ ಅಂಕ ಜಮೆಯಾಗಿರುತ್ತದೆ, ನಡುವೆ ಬಿಟ್ಟರೂ ಮುಂದಿನ ವರ್ಷ ಬೇರೆ ಊರಲ್ಲಿ ಮುಂದುವರಿಸಬಹುದು. ತವರು ತೀರ್ಥಹಳ್ಳಿಯಲ್ಲಿ ಅಮ್ಮನ ಆರೈಕೆಗೆ ಇದ್ದಾಗ ಅಲ್ಲೇ ಎರಡು ಭಾಗ ಮುಗಿಸಿದೆ, ಹೊಸನಗರದಲ್ಲಿ ಮೂರು. ಕೊನೆಯ ಭಾಗಕ್ಕೆ ಮಾತ್ರ ಭಾನುವಾರ ಭಾನುವಾರ ಸಾಗರಕ್ಕೆ ಹೋಗಬೇಕಾಗಿ ಬಂತು.

ಗಂಡನಿಗೆ ಇದು ಸೇರಲಿಲ್ಲ. "ಈ ವಯಸ್ಸಲ್ಲಿ ಎಂತ ಕಾಲೇಜೇ ನಿಂದು?" ಎಂದು ಶುರುವಾದದ್ದು ಏಟಿಗೆ ಮುಟ್ಟಿತು. ಒಂದು ದಿನ ನನ್ನ ಇತಿಹಾಸದ ಪುಸ್ತಕವನ್ನು ಬಚ್ಚಲ ಒಲೆಗೆ ತುರುಕಿದ. ನಾನು ಅದೇ ಒಲೆಯ ಕೊಳ್ಳಿ ಎಳೆದು ಅವನ ಭುಜಕ್ಕೆ ಬಿಟ್ಟೆ. ಆಮೇಲೆ ಅವನು ಪುಸ್ತಕ ಮುಟ್ಟಲಿಲ್ಲ, ನನ್ನನ್ನು ಹೊಡೆಯುವುದು ಬಿಡಲಿಲ್ಲ. ನಾನೂ ಬಿಡಲಿಲ್ಲ. ಹೀಗೆ ಹೊಡೆದಾಡುತ್ತಲೇ ನಾನು ಐದು ಭಾಗ ಪಾಸಾದೆ.

ನನ್ನ ಜೊತೆ ಓದುತ್ತಿದ್ದವಳು ಪಕ್ಕದ ಮನೆಯ ಗೆಳತಿ. ಅವಳೂ ಅಡಿಕೆ ಸುಲಿಯುವವಳೇ. ಆದರೆ ನನ್ನ ಹಾಗಲ್ಲ, ಸೌಮ್ಯ. ಓದಿನಲ್ಲಿ ನನಗಿಂತ ನಾಲ್ಕು ಪಟ್ಟು ಚುರುಕು. ಅರ್ಥಶಾಸ್ತ್ರ ನನ್ನ ತಲೆಗೆ ಹೋಗಿದ್ದರೆ ಅದು ಅವಳ ಪುಣ್ಯ.

ಸಾಗರಕ್ಕೆ ಹೋಗತೊಡಗಿದ ಆ ವರ್ಷ ಹೊಸ ನಿಯಮ ಬಂತು. ಎಲ್ಲೋ ಬರೀ ಹೆಸರು ಬರೆದುಕೊಂಡು, ಬಾರದವರನ್ನು ಬಂದರೆಂದು ತೋರಿಸಿ ಸರ್ಕಾರದ ದುಡ್ಡು ತಿಂದಿದ್ದರಂತೆ. ಅದಕ್ಕೆ ಇನ್ನು ಮುಂದೆ ಹಾಜರಿ ಪುಸ್ತಕ ನಡೆಯುವುದಿಲ್ಲ, ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಮೂರು ಗೈರಾದರೆ ಹೆಸರು ಹೋಯಿತು, ಸರ್ಕಾರಿ ಫೀಸಿನಲ್ಲಿ ಮತ್ತೆ ಸೇರುವ ಹಾಗಿಲ್ಲ. ಕಳ್ಳರನ್ನು ಹಿಡಿಯಬೇಕು, ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಮಳೆಗಾಲದಲ್ಲಿ ಸೇರುವಾಗ ನಾವು ಯಂತ್ರಕ್ಕೆ ಕೊಟ್ಟ ಹೆಬ್ಬೆಟ್ಟೇ ಬೇರೆ, ಕೊಯ್ಲಿನ ಕಾಲದ ಹೆಬ್ಬೆಟ್ಟೇ ಬೇರೆ. ಹಸಿ ಅಡಿಕೆಯ ರಸ ಕುಡಿದು ಕಪ್ಪಾಗಿ, ಕತ್ತಿ ತಾಗಿ ತಾಗಿ ಸಿಗಿದು, ಗೆರೆಯೇ ಕಾಣದು. ಯಂತ್ರ ಕೆಂಪು ದೀಪ ಹಚ್ಚಿ "ಮತ್ತೆ ಪ್ರಯತ್ನಿಸಿ" ಎನ್ನುತ್ತಿತ್ತು. ನಮ್ಮಿಬ್ಬರಿಗೂ ಎರಡು ಭಾನುವಾರ ಗೈರು ಬಿತ್ತು, ಕಣ್ಣೆದುರೇ ಬೆಂಚಿನ ಮೇಲೆ ಕೂತಿದ್ದವರಿಗೆ!

ಕೇಂದ್ರ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಕೈಚೆಲ್ಲಿದರು. "ನಾನು ಬರ್ದು ಕಳ್ಸಿದೀನಮ್ಮ. ರೂಲ್ ಮೇಲಿಂದ ಬಂದಿದ್ದು. ಹೆಂಗಾದ್ರೂ ಮಾಡಿ ಈ ಸಲ ಬೆರಳು ಹಿಡಿಯೋ ಹಂಗೆ ಮಾಡ್ಕೊಂಡು ಬನ್ನಿ" ಎಂದರು.

ಗೆಳತಿ ವಾರವಿಡೀ ಕತ್ತಿಯ ಹತ್ತಿರ ಕೂರಲಿಲ್ಲ. ಕೂಲಿ ಬಿಟ್ಟು, ದಿನಾ ಹೆಬ್ಬೆಟ್ಟಿಗೆ ಹುಳಿ ಹಚ್ಚಿ ತಿಕ್ಕಿದಳು. ನನಗೆಲ್ಲಿ ಅಷ್ಟು ತಾಳ್ಮೆ? ಶನಿವಾರ ಮಧ್ಯಾಹ್ನದವರೆಗೂ ಸುಲಿದೆ. ನಾವು ಸುಲಿಯುವುದು ಮಣೆಗೆ ನೆಟ್ಟ ಮೆಟ್ಟುಗತ್ತಿಯಲ್ಲಿ. ಕಾಯಿ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಬೇರೆ, ಬೇಳೆ ಬೇರೆ. ಇಪ್ಪತ್ತು ವರ್ಷ ಕೈ ಕಲಿತದ್ದು ಅದೊಂದೇ, ಮೇಲಿನದು ಹೋದರೆ ಒಳಗೆ ಚೊಕ್ಕಟವಾದದ್ದು ಸಿಗುತ್ತದೆ ಅಂತ. ಹೆಬ್ಬೆಟ್ಟನ್ನೇ ಕತ್ತಿಗೆ ಒತ್ತಿ ತಿರುವಿದೆ. ಕಪ್ಪು ಚರ್ಮ ಬಂತು, ಅದರ ಹಿಂದೆಯೇ ರಕ್ತ ಮಣೆಗೆ, ಅಡಿಕೆಗೆ, ಸೀರೆಗೆ ಹಾರಿತು.

"ತಲೆ ಕೆಟ್ಟಿದ್ಯೇನೇ ನಿಂಗೆ!" ಎಂದು ಗಂಡ ಓಡಿ ಬಂದು ಕೆನ್ನೆಗೆ ಬಾರಿಸಿದ. ಆಮೇಲೆ ಉಟ್ಟ ಪಂಚೆಯ ಅಂಚು ಹರಿದು ಬೆರಳಿಗೆ ಸುತ್ತಿದ.

ಭಾನುವಾರ ಮೊದಲ ಬಸ್ಸಿಗೆ ಸಾಗರ. ತಪಾಸಣೆಗೆ ಅಂತ ಒಬ್ಬ ಅಧಿಕಾರಿ ಬಂದಿದ್ದ. ಸಾಲಿನಲ್ಲಿ ಕೊನೆಗೆ ನಾವಿಬ್ಬರು, ಅವಳಿಗಿಂತ ಮುಂದೆ ನಾನು. ಪಟ್ಟಿ ಬಿಚ್ಚಿ ಬೆರಳು ಒತ್ತಿದೆ. ಪ್ರಾಣ ಹೋದ ಹಾಗಾಯಿತು. ಕೆಂಪು ದೀಪ. ಮತ್ತೆ ಒತ್ತಿದೆ. ಗಾಯ ಬಿರಿದು ಗಾಜಿನ ಮೇಲೆಲ್ಲ ರಕ್ತ.

"ಏನಮ್ಮಾ, ಮೆಷಿನ್ ಗಲೀಜು ಮಾಡ್ತಿದೀರಲ್ಲ" ಎಂದು ಅಧಿಕಾರಿ ಕರವಸ್ತ್ರ ತೆಗೆದು ಗಾಜು ಒರೆಸಿದ. ಬೆರಳಿನ ಕಡೆ ನೋಡಲೂ ಇಲ್ಲ. "ಆಗಲ್ಲ ಇದು. ಗೈರು."

ಆಮೇಲೆ ನಾನು ನಾನಾಗಿರಲಿಲ್ಲ. ಯಂತ್ರವನ್ನು ಗೋಡೆಯಿಂದ ಕಿತ್ತು ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿದೆ. ಒಂದು, ಎರಡು, ಮೂರು ಸಲ. ಅಧಿಕಾರಿ ನನ್ನ ರಟ್ಟೆ ಹಿಡಿದ. ಕೈಯಲ್ಲಿ ಉಳಿದಿದ್ದ ತುಂಡನ್ನು ಅವನ ಮುಖಕ್ಕೇ ಬೀಸಿದೆ. ಮೇಷ್ಟ್ರು "ಬೇಡಮ್ಮಾ" ಎಂದು ನಡುವೆ ಬಂದರು. ಏಟು ಅವರ ಬಾಯಿಗೆ ಬಿತ್ತು. ಎಲ್ಲರೂ ಕಿರುಚಿ ಹೊರಗೆ ಓಡಿದರು, ನನ್ನ ಗೆಳತಿಯೂ.

ಅಧಿಕಾರಿ ವರದಿ ಬರೆದ. ಇಂಥ ವಿದ್ಯಾರ್ಥಿನಿ ಬೆಳಿಗ್ಗೆ ಕೇಂದ್ರಕ್ಕೆ ಬಂದು ಯಂತ್ರ ಒಡೆದಳು ಅಂತ. ಬರೆದು ಶಾಯಿಯ ಡಬ್ಬಿ ನನ್ನ ಮುಂದೆ ತಳ್ಳಿ, "ಹೆಬ್ಬೆಟ್ಟು ಒತ್ತು" ಎಂದ.

"ಪೆನ್ನು ಕೊಡಿ" ಎಂದೆ. ರಕ್ತದ ಕೈಯಲ್ಲೇ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

ಮೇಷ್ಟ್ರು ಬಾಯಿಗೆ ಬಟ್ಟೆ ಒತ್ತಿಕೊಂಡೇ ವರದಿ ಓದಿದರು. "ಸಾರ್, ಬಂದಿದ್ರು ಅಂತ ನೀವೇ ಬರ್ದಿದೀರಿ. ಯಂತ್ರ ಕೆಟ್ಟ ದಿನ ತಪಾಸಣೆಗೆ ಬಂದೋರ ಬರಹಾನೇ ಹಾಜರಿ ಅಂತ ನಿಮ್ಮ ಸುತ್ತೋಲೇಲೇ ಇದೆ. ಬಂದೇ ಇಲ್ಲ ಅಂತೀರಾದ್ರೆ ಒಡ್ದೋರು ಯಾರು?"

ಅಧಿಕಾರಿ ವರದಿಯನ್ನು ಕಿತ್ತುಕೊಂಡು ಮತ್ತೆ ಓದಿ, ಕೆಳಗೆ ಸಹಿ ಹಾಕಿದ. ನನಗೆ ಹಾಜರಿ ಬಿತ್ತು.

"ಅವ್ರೂ ಬಂದಿದ್ರು ಸಾರ್" ಎಂದು ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದ ಗೆಳತಿಯನ್ನು ತೋರಿಸಿದರು. "ನಾನು ನೋಡಿಲ್ಲ" ಎಂದು ಅವನು ಚೀಲ ಎತ್ತಿಕೊಂಡು ಹೋದ. ಅವಳಿಗೆ ಅದು ಮೂರನೆಯ ಗೈರು.

ನಾನು ಬಿ.ಎ. ಮುಗಿಸಿದೆ. ಪೊಲೀಸು, ದಂಡ ಎಲ್ಲ ಆಯಿತು. ಮೇಷ್ಟ್ರ ಕಾಲಿಗೂ ಬಿದ್ದೆ. ಅವರು ನಕ್ಕರು, ಹಲ್ಲಿನ ಜಾಗ ಖಾಲಿ ಕಂಡಿತು. ನನಗೆ ಸತ್ತು ಹೋಗುವಷ್ಟು ನಾಚಿಕೆಯಾಯಿತು.

ಗೆಳತಿ ಈ ಕೊಯ್ಲಿನಲ್ಲೂ ನನ್ನ ಪಕ್ಕದಲ್ಲೇ ಕೂತು ಸುಲಿದಳು. ಒಂದು ದಿನ ನಾನೇ ತಡೆಯಲಾರದೆ, "ಹೋಗ್ಲಿ ಬಿಡೇ ಮಾರಾಯ್ತಿ, ನಿಂದೂ ಹೆಂಗೂ ಹಿಡೀತಿರ್ಲಿಲ್ಲ ಅಲ್ದಾ?" ಎಂದೆ.

ಅವಳು ಕತ್ತಿಯಿಂದ ಕಣ್ಣೆತ್ತಲಿಲ್ಲ. "ಹಿಂದಿನ ದಿನ ರೇಷನ್ ಅಂಗಡೀಲಿ ಒತ್ತಿ ನೋಡಿದ್ದೆ ಕಣೇ. ಮೊದಲ್ನೇ ಸಲಕ್ಕೇ ಹಿಡೀತು" ಎಂದಳು.