ಅತ್ತೆಯ ಕಣ್ಣಿನ ಹುಳ

ಸಿದ್ದಾಪುರದ ನಮ್ಮ ಮನೆಯಿಂದ ನಾನು ದಿನವೂ ಬಸ್ಸಿನಲ್ಲಿ ಶಿರಸಿಗೆ ಹೋಗುತ್ತೇನೆ. ಅಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷಿಸುವುದು ನನ್ನ ಕೆಲಸ. ಹುಳಗಳೇನೂ ನನಗೆ ಹೊಸತಲ್ಲ. ಆದರೆ ಮನೆಯವರ ಕಣ್ಣಿನಲ್ಲೇ ಒಂದು ಕಾಣಿಸೀತು ಎಂದುಕೊಂಡಿರಲಿಲ್ಲ.

ಅತ್ತೆಯ ಎಡಗಣ್ಣು ಕೆಂಪಾಗಿತ್ತು. ಧೂಳು ಬಿದ್ದಿರಬೇಕೆಂದು ಎಲ್ಲರೂ ಸುಮ್ಮನಿದ್ದೆವು. ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ, "ತಂಗಿ, ಕಣ್ಣಲ್ಲಿ ಎಂತೋ ಹರಿದಾಡಿದಂಗೆ ಆಗ್ತು, ನೋಡು" ಅಂದರು. ಕಿಟಕಿಯ ಬಳಿ ಕೂರಿಸಿ ರೆಪ್ಪೆ ಎತ್ತಿದೆ. ಬಿಳಿಗುಡ್ಡೆಯ ಮೇಲಿನ ತೆಳುಪೊರೆಯ ಅಡಿಯಲ್ಲಿ ಹೊಲಿಗೆ ದಾರದಂಥದ್ದು ಸುರುಳಿಯಾಗಿ ಬಿದ್ದಿತ್ತು. ನೋಡುತ್ತಿದ್ದಂತೆ ಮೆಲ್ಲಗೆ ಹೊರಳಿತು.

"ಹುಳದ ಹಂಗೆ ಕಾಣ್ತು ಅತ್ತೆ. ಇವತ್ತೇ ತೆಗೆಸನ."

ಅವರು ಸೀರೆ ಬದಲಿಸಿಕೊಂಡು ಬಂದರು. ಬಸ್ಸಿನಲ್ಲಿ ಕೂತ ಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಆನೆಕಾಲು ಬಪ್ಪದೂ ಹುಳದಿಂದಲೇ ಅಲ್ದಾ?"

ಅವರ ದೊಡ್ಡಮ್ಮ ಕುಮಟೆಯ ಕಡೆಯವರು. ಕಾಲು ಊದಿಕೊಂಡ ಮೇಲೆ ಮದುವೆ, ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರಂತೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಲು ಜನ ಹಿಂದೆ ಮುಂದೆ ನೋಡುತ್ತಿದ್ದರಂತೆ. ಅದನ್ನು ಅತ್ತೆ ನನಗೆ ಹೇಳಿದ್ದು ಅದೇ ಮೊದಲು. ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ.

"ಹುಳದಲ್ಲೂ ಬೇರೆ ಬೇರೆ ಜಾತಿ ಇದ್ದು. ನೋಡ್ದೇ ಹೇಳಲೆ ಬತ್ತಿಲ್ಲೆ" ಅಂದೆ.

ಕಣ್ಣಿನ ಡಾಕ್ಟರು ಮರಗಟ್ಟಿಸುವ ಹನಿ ಹಾಕಿ, ಪೊರೆಯನ್ನು ಚೂರೇ ಕತ್ತರಿಸಿ, ಚಿಮಟದಿಂದ ಹುಳವನ್ನು ನಿಧಾನ ಎಳೆದರು. ಬೆರಳುದ್ದ ಇತ್ತು. ಸಲೈನಿನ ಬಾಟಲಿಯಲ್ಲಿ ಇನ್ನೂ ಹೊರಳಾಡುತ್ತಿತ್ತು. ಅದನ್ನು ಹಿಡಿದುಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅತ್ತೆಯನ್ನೂ ಕರೆದುಕೊಂಡು ನಮ್ಮ ಲ್ಯಾಬಿಗೆ ನಡೆದೆ.

ಲ್ಯಾಬಿನ ಡಾಕ್ಟರಮ್ಮ ಹುಳವನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು. ಹುಳದ ಮೈಮೇಲೆ ಉದ್ದುದ್ದ ಏಣುಗಳು, ಅವುಗಳ ಮೇಲೆ ಜೋಳದ ತೆನೆಯಲ್ಲಿರುವ ಹಾಗೆ ಸಣ್ಣ ಉಬ್ಬುಗಳು.

"ಆನೆಕಾಲಿನ ಹುಳಕ್ಕೆ ಇಂಥ ಏಣು ಇರೋದಿಲ್ಲ. ಇದು ನಾಯಿಯದ್ದು" ಅಂದರು. ಅತ್ತೆಯ ಕಡೆ ತಿರುಗಿ, "ಅಮ್ಮಾ, ನಿಮ್ಮ ಕಾಲಿಗೆ ಇದರಿಂದ ಏನೂ ಆಗೋದಿಲ್ಲ" ಎಂದರು.

ಅತ್ತೆ ಕುರ್ಚಿಗೆ ಒರಗಿದರು. "ನಾಯಿದು ಎನ್ನ ಕಣ್ಣಿಗೆ ಹೆಂಗೆ ಬಂತು?" ಎಂದು ಕೇಳಿದರು.

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಈ ಹುಳಗಳೆಲ್ಲ ಮೂಲದಲ್ಲಿ ಒಂದೇ ಬಳಗ. ಲಕ್ಷಾಂತರ ವರ್ಷಗಳಲ್ಲಿ ಕವಲೊಡೆದು ಒಂದೊಂದು ಕವಲು ಒಂದೊಂದು ಪ್ರಾಣಿಯ ಮೈಗೆ ಒಗ್ಗಿಕೊಂಡಿತು. ಇದು ಒಗ್ಗಿಕೊಂಡಿದ್ದು ನಾಯಿಯ ಚರ್ಮದ ಅಡಿಗೆ. ನಾಯಿಯನ್ನು ಕಚ್ಚಿದ ಸೊಳ್ಳೆ ಮನುಷ್ಯರನ್ನು ಕಚ್ಚಿದರೆ ಮರಿ ಒಳಗೆ ಸೇರುತ್ತದೆ, ಬೆಳೆದು ಅಲೆದಾಡುತ್ತದೆ. ಆದರೆ ಮನುಷ್ಯರ ಮೈಯಲ್ಲಿ ಅದರ ಸಂಸಾರ ನಡೆಯುವುದು ತೀರಾ ಅಪರೂಪ.

"ಇದು ಹೆಣ್ಣು. ಹೊಟ್ಟೆಯಲ್ಲಿ ಮರಿಗಳಿಲ್ಲ" ಎಂದರು.

ಅತ್ತೆ ಎದ್ದು ಬಂದು ಇನ್ನೊಂದು ಕಣ್ಣಿನಿಂದ ಸೂಕ್ಷ್ಮದರ್ಶಕದಲ್ಲಿ ಇಣುಕಿದರು. "ಪಾಪ, ಒಂದೇ ಇತ್ತು" ಅಂದರು.

ನಮ್ಮ ಮನೆಯಲ್ಲೂ ಒಂದು ನಾಯಿ ಇದೆ. ಮರುದಿನ ಅದರ ರಕ್ತವನ್ನೂ ತೆಗೆಸಿ ನೋಡಿದೆ. ಕೆಂಪು ಕಣಗಳನ್ನು ತಳ್ಳುತ್ತ ಹುಳದ ಮರಿಗಳು ಓಡಾಡುತ್ತಿದ್ದವು. ಬಣ್ಣ ಹಾಕಿ ಮತ್ತೆ ನೋಡಿದೆ. ಆನೆಕಾಲಿನ ಮರಿಗೆ ಸಡಿಲ ಅಂಗಿಯಂಥ ಪೊರೆಯೊಂದು ಇರುತ್ತದೆ. ಇವಕ್ಕೆ ಅದು ಇರಲಿಲ್ಲ. ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತ ಆರಾಮಾಗಿತ್ತು. ಪಶುವೈದ್ಯರು ಔಷಧಿ ಶುರುಮಾಡಿದರು.

ಅತ್ತೆಯ ಕಣ್ಣಿನ ಕೆಂಪು ಬೇಗ ಇಳಿಯಿತು. ಬೀದಿಯವರು ವಿಚಾರಿಸಲು ಬಂದಾಗ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ಕೇಳಿದ ಪಕ್ಕದ ಮನೆಯಾಕೆ ಸಂಜೆ ತಮ್ಮ ಎರಡು ನಾಯಿಗಳನ್ನು ಹಗ್ಗ ಹಾಕಿ ಎಳೆದುಕೊಂಡು ಬಂದರು. ನಾನು ಆಗಷ್ಟೇ ಬಸ್ಸಿಳಿದು ಬಂದಿದ್ದೆ.

"ತಂಗಿ ಚಾ ಕುಡ್ಕಂಡು ನೋಡ್ತು, ಕೂತ್ಕಳಿ" ಎಂದು ಅತ್ತೆಯೇ ಅವರಿಗೆ ಹೇಳಿ ಒಳಗೆ ಹೋದರು.