ಕಣ್ಣೀರನ್ನು ಮತ್ತೊಮ್ಮೆ ಕೇಳಿದವರು

ಕಣ್ಣಿನ ವೈದ್ಯರು ಹಲವರಿದ್ದಾರೆ. ಕಣ್ಣೀರನ್ನು ಅಳೆಯುವ ಕಾಗದವನ್ನೇ ಅನುಮಾನಿಸಿ, ಆ ಅನುಮಾನದಿಂದಲೇ ಒಣಗಣ್ಣಿನ ಚಿಕಿತ್ಸೆಗೆ ಭದ್ರ ಬುನಾದಿ ಹಾಕಿದವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ, ಆಸ್ಪತ್ರೆಗೆಲ್ಲ ‘ಕಾಗದದಮ್ಮ’ ಎಂದೇ ಪರಿಚಿತರಾದ ಹಿರಿಯ ವೈದ್ಯೆ ಅಂಥವರು.

ಅವರ ಸೇವೆಯ ಮೊದಲ ದಿನಗಳ ಮಾತು. ಸೋಸುಕಾಗದದ ಪಟ್ಟಿಯ ತುದಿ ಮಡಚಿ ಕೆಳರೆಪ್ಪೆಯ ಒಳಗೆ ಸಿಕ್ಕಿಸಿ, ಐದು ನಿಮಿಷದಲ್ಲಿ ಅದೆಷ್ಟು ಉದ್ದ ಒದ್ದೆಯಾಯಿತೆಂದು ನೋಡುವುದೇ ಪರೀಕ್ಷೆ. ಕಾರ್ಖಾನೆಯ ಕ್ರೇನ್ ಚಾಲಕನೊಬ್ಬ ಬಂದಿದ್ದ. ಕಣ್ಣುರಿ, ಮಬ್ಬು, ಮೇಲೆ ಕುಳಿತರೆ ಕೆಳಗಿನವರ ಕೈಸನ್ನೆ ಕಾಣದು. ಪಟ್ಟಿ ಮಾತ್ರ ತುದಿಯವರೆಗೂ ತೊಯ್ದಿತ್ತು.

“ಕಣ್ಣೀರಿಗೇನೂ ಬರ ಇಲ್ಲ. ಮೈಗಳ್ಳನಿಗೊಂದು ನೆಪ,” ಎಂದರು ವಿಭಾಗದ ಮುಖ್ಯಸ್ಥರು. ಅವರೊಂದು ಸಹಿ ಹಾಕಿದರೆ ಮಧ್ಯಾಹ್ನವೇ ಅವನು ಕ್ರೇನ್ ಹತ್ತಬೇಕು.

ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ವೈದ್ಯೆಯನ್ನು ತಡೆದಳು. “ಒಳಗೆ ಹೋಗೋ ಮುಂಚೆ ಅತ್ತುಬಿಟ್ರು ಮೇಡಂ, ಯಾರ ತಲೆ ಮೇಲಾದ್ರೂ ಸರಕು ಬಿದ್ರೆ ಅಂತ. ಮದುವೇಲೂ ಅಳದ ಗಂಡಸು.”

“ಅವತ್ತು ನೀನೇ ಅಳೋದು ನಿಲ್ಲಿಸ್ಲಿಲ್ಲ, ನಾನೆಲ್ಲಿ ಅಳ್ಲಿ?” ಎಂದ ಪಕ್ಕದಲ್ಲಿದ್ದ ಗಂಡ.

ಅಜ್ಜಿಕತೆಯ ರಾಜಕುಮಾರಿ ಅತ್ತರೆ ಮುತ್ತು ಉದುರುತ್ತವೆ. ಆಸ್ಪತ್ರೆಯಲ್ಲಿ ಅತ್ತರೆ ಉದುರುವುದು ತಪ್ಪು ಲೆಕ್ಕ. ಕಾಗದ ಅಳೆದದ್ದು ಕಣ್ಣನ್ನಲ್ಲ, ಭಯವನ್ನು. ವೈದ್ಯೆ ಮರುಪರೀಕ್ಷೆ ಕೇಳಿದರು.

“ಮತ್ತೆ ಹೀಗೇ ಬಂದ್ರೆ ಈ ವಿಭಾಗದ ಆಸೆ ಬಿಟ್ಬಿಡಮ್ಮ,” ಎಂದು ಮುಖ್ಯಸ್ಥರು ಎದುರಿಗೇ ನಿಂತರು.

ಫ್ಯಾನ್ ನಿಂತಿತು, ಕಿಟಕಿ ಮುಚ್ಚಿತು. ಅವನ ಉಸಿರು ತಹಬಂದಿಗೆ ಬಂದ ಮೇಲೆ ಹೊಸ ಪಟ್ಟಿ. ಗಡಿಯಾರದ ಮುಳ್ಳು ತೆವಳಿತು; ಒದ್ದೆ ಮಡಿಕೆಯನ್ನು ದಾಟಿದ್ದೇ ಅಲ್ಲೇ ನಿಂತುಬಿಟ್ಟಿತು.

“ಬದುಕಿಸಿದ್ರಿ ತಾಯಿ, ಬರೆದುಬಿಡಿ,” ಎಂದ ಚಾಲಕ. ಮುಖ್ಯಸ್ಥರು ಪೆನ್ನು ತೆಗೆದರು.

ಆಗಲೇ ವೈದ್ಯೆಗೆ ತಮ್ಮ ಬೆರಳು ಕಂಡಿದ್ದು. ಅವಸರದಲ್ಲಿ ಪಟ್ಟಿಯನ್ನು ಬರಿಗೈಯಲ್ಲೇ ಮಡಚಿದ್ದರು. ಬೆರಳ ಜಿಡ್ಡು ಮೆತ್ತಿದ ಕಾಗದ ನೀರನ್ನು ಸರಿಯಾಗಿ ಹೀರದು. ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಅವನೂ ಉಳಿದ, ತಾವೂ ಉಳಿದರು.

“ಇದೂ ಲೆಕ್ಕಕ್ಕಿಲ್ಲ ಸರ್. ಬರಿಗೈಲಿ ಮುಟ್ಟಿದೆ.”

“ಗೆದ್ದ ಆಟ ಯಾಕಮ್ಮ ಕೆಡಿಸ್ಕೊಳ್ತೀಯ?”

“ಮೊದಲನೇದು ಸುಳ್ಳು ಅಂದೋಳು ನಾನೇ. ಇದನ್ನ ನಿಜ ಅನ್ನೋಕೆ ನಾಲಿಗೆ ಏಳಲ್ಲ. ನಾಳೆ ಇದೇ ಹೊತ್ತಿಗೆ ನೋಡೋಣ. ಅಲ್ಲಿವರೆಗೆ ಇವರು ಮೇಲೆ ಹತ್ತೋದು ಬೇಡ.”

ಮುಖ್ಯಸ್ಥರು ಚಾಲಕನಿಗೆ ರಜೆ ಬರೆದುಕೊಟ್ಟರು. ಮರುದಿನ ವೈದ್ಯೆ ಪಟ್ಟಿಯನ್ನು ಬೆರಳು ತಾಗದಂತೆ ಅದರ ಪೊಟ್ಟಣದೊಳಗೇ ಮಡಚಿ, ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಪರೀಕ್ಷಿಸಿದರು. ಕಾಗದ ಒಣಗಿಯೇ ಇತ್ತು, ಅದರ ಮರುದಿನವೂ. ಚಾಲಕನಿಗೆ ನೆಲದ ಮೇಲಿನ ಕೆಲಸ ಸಿಕ್ಕಿತು, ಕಣ್ಣಿಗೆ ಔಷಧ ಸಿಕ್ಕಿತು.

ಅಂದಿನಿಂದ ಒಂದೇ ಪರೀಕ್ಷೆಯ ಮೇಲೆ ಯಾರ ಹಣೆಬರಹವನ್ನೂ ಬರೆಯದಿರುವುದು ವಿಭಾಗದ ಪದ್ಧತಿಯಾಯಿತು. “ಇದು ಮುಟ್ಟಿದರೆ ಮುನಿ ಕಾಗದ,” ಎಂದು ಗೊಣಗಿದ ತಂತ್ರಜ್ಞರೇ ಮುಂದೆ ಹೊಸಬರ ಕೈ ಹಿಡಿದು ತಿದ್ದಿದರು.

ಎರಡು ಆಸ್ಪತ್ರೆಗಳ ಅಳತೆ ಒಂದಕ್ಕೊಂದು ತಾಳೆಯಾಗುವಂತೆ ಮಾಡುವ ಅವರ ಕೆಲಸ ಇನ್ನೂ ಅರ್ಧದಲ್ಲಿದೆ. ಅದು ಮುಗಿಯುವಷ್ಟು, ಮುಗಿದ ಮೇಲೂ ಅವರು ಅದನ್ನು ಅನುಮಾನಿಸುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ.